ಬ್ಯಾಕ್ಟೀರಿಯಾ ಕೈಲಿ ಮೆಥನಾಲ್ ಮಾಡಿಸುವುದು ಹೇಗೆ?

ಮೀಥೇನನ್ನು ಮೆಥನಾಲ್ ಮಾಡಲು ಕಾರ್ಖಾನೆಗೆ ನೂರಾರು ಡಿಗ್ರಿ ಬಿಸಿ, ಭಾರೀ ಒತ್ತಡ ಬೇಕು. ಮೀಥನೋಟ್ರೋಫ್, ಅಂದರೆ ಮೀಥೇನ್ ತಿಂದು ಬದುಕುವ ಬ್ಯಾಕ್ಟೀರಿಯಾ, 30 ಡಿಗ್ರಿಯಲ್ಲೇ ಆ ಕೆಲಸ ಮುಗಿಸುತ್ತದೆ. ತೊಂದರೆ ಏನಂದರೆ, ಮಾಡಿದ್ದನ್ನು ತಾನೇ ತಿಂದುಬಿಡುತ್ತದೆ. ಮೆಥನಾಲ್ ಫಾರ್ಮಾಲ್ಡಿಹೈಡ್ ಆಗಿ, ಫಾರ್ಮೇಟ್ ಆಗಿ, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಅದಕ್ಕೇ ಲ್ಯಾಬಿಗೆ ಬರುವ ಹೊಸಬರಿಗೆ ಹೇಳುತ್ತೇನೆ: ಮೊದಲು ಬೆಳೆಸಿ, ಆಮೇಲೆ ಬೇರೆ ಬಾಟಲಿಯಲ್ಲಿ ಮೆಥನಾಲ್ ಮಾಡಿಸಿ.

ನಾನು ಬಳಸುವುದು ಮೀಥೈಲೋಸೈನಸ್ ಟ್ರೈಕೋಸ್ಪೋರಿಯಮ್ ಓಬಿ3ಬಿ ಎಂಬ ತಳಿ. ಬೆಳೆಸಲು ನೈಟ್ರೇಟ್ ಲವಣಗಳ ಮೀಡಿಯಾ (ಪೋಷಕ ದ್ರವ) ಸಾಕು, ಸಕ್ಕರೆ ಬೇಡ. 5 ಮೈಕ್ರೋಮೋಲಾರ್‌ನಷ್ಟು ತಾಮ್ರ ಮಾತ್ರ ಇರಲೇಬೇಕು, ಮೀಥೇನ್ ಮುರಿಯುವ ಎಂಜೈಮ್‌ಗೆ ಅದು ಬೇಕು. ಬಾಟಲಿಯ ಕಾಲು ಭಾಗಕ್ಕಿಂತ ಜಾಸ್ತಿ ದ್ರವ ತುಂಬಬೇಡಿ. ಮೀಥೇನ್ ನೀರಲ್ಲಿ ಕರಗುವುದೇ ಕಷ್ಟ, 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 22 ಮಿಲಿಗ್ರಾಂ ಅಷ್ಟೇ. ಬ್ಯೂಟೈಲ್ ರಬ್ಬರ್ ಮುಚ್ಚಳ ಹಾಕಿ, ಗಾಳಿಯ 30% ತೆಗೆದು ಅಷ್ಟೇ ಮೀಥೇನ್ ತುಂಬಿ, ಶೇಕರ್‌ನಲ್ಲಿ ಚೆನ್ನಾಗಿ ಕುಲುಕಿಸಿ. ಗಾಳಿಯಲ್ಲಿ ಮೀಥೇನ್ 5ರಿಂದ 15% ಇದ್ದರೆ ಸಿಡಿಯುತ್ತದೆ. 30% ಅಂದರೆ ಆ ಮಿತಿಯ ಮೇಲಿದೆ, ನಿಜ, ಆದರೆ ಸೋರಿದ ಗ್ಯಾಸ್ ಗಾಳಿಗೆ ಬೆರೆತು ತೆಳುವಾಗುವಾಗ ಆ ಮಿತಿಯೊಳಗೆ ಬಂದೇ ಬರುತ್ತದೆ. ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲೇ (ಗ್ಯಾಸನ್ನು ಹೊರಗೆಳೆಯುವ ಗೂಡು), ಕಿಡಿ ಹತ್ತಿರ ಸುಳಿಯಬಾರದು.

ದ್ರವ ಚೆನ್ನಾಗಿ ಮಬ್ಬಾದ ಮೇಲೆ, ಬೆಳವಣಿಗೆ ನಿಲ್ಲುವ ಮೊದಲೇ, ಸೆಂಟ್ರಿಫ್ಯೂಜ್ ಮಾಡಿ ಕೋಶಗಳನ್ನು ತೊಳೆಯಿರಿ. ಈಗ 100 ಮಿಲಿಮೋಲಾರ್ ಫಾಸ್ಫೇಟ್ ಬಫರ್‌ಗೆ ಹಾಕಿ, ಲೋಹಗಳನ್ನು ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕವನ್ನು ಸ್ವಲ್ಪ ಸೇರಿಸಿ. ಮೆಥನಾಲ್ ತಿನ್ನುವ ಡಿಹೈಡ್ರೋಜನೇಸ್ ಎಂಬ ಎಂಜೈಮ್ ಇವೆರಡರಿಂದ ಮಂಕಾಗುತ್ತದೆ. ಇಡಿಟಿಎ ಅತಿಯಾದರೆ ತಾಮ್ರವನ್ನೂ ಕಿತ್ತುಕೊಳ್ಳುತ್ತದೆ, ಜೋಕೆ.

ಇಲ್ಲೊಂದು ಪೇಚಿದೆ. ಮೀಥೇನ್ ಮುರಿಯಲು ಕೋಶ ಎನ್‌ಎಡಿಎಚ್ (ಎಲೆಕ್ಟ್ರಾನ್ ಒದಗಿಸುವ ಅಣು) ಖರ್ಚು ಮಾಡುತ್ತದೆ, ಅದನ್ನು ಗಳಿಸುವುದೋ ಮೆಥನಾಲ್ ತಿಂದು. ದುಡಿಮೆ ನಿಲ್ಲಿಸಿದರೆ ಖರ್ಚಿಗೆ ಕಾಸೆಲ್ಲಿ, ಅಲ್ವಾ? ಅದಕ್ಕೇ 20ರಿಂದ 40 ಮಿಲಿಮೋಲಾರ್ ಸೋಡಿಯಂ ಫಾರ್ಮೇಟ್ ಕೊಡುತ್ತೇವೆ, ಅದನ್ನು ತಿಂದು ಕೋಶ ಎನ್‌ಎಡಿಎಚ್ ಗಳಿಸುತ್ತದೆ. ಇದನ್ನು ಬಿಟ್ಟರೆ ಬೇಗನೆ ಕೆಲಸ ನಿಂತುಹೋಗುತ್ತದೆ.

ಮತ್ತೆ ಮೀಥೇನ್, ಗಾಳಿ ತುಂಬಿ, ಗಂಟೆ ಗಂಟೆಗೂ ಸ್ಯಾಂಪಲ್ ತೆಗೆದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರದಲ್ಲಿ ಮೆಥನಾಲ್ ಎಷ್ಟಿದೆ ನೋಡಿ. ಮೆಥನಾಲ್ ಏರಿ, ಆಮೇಲೆ ಇಳಿಯುತ್ತದೆ. ಇಳಿಯುವ ಮೊದಲೇ ನಿಲ್ಲಿಸಿ. ಮೀಥೇನ್ ಇಲ್ಲದ ಒಂದು ಬಾಟಲಿ, ಸತ್ತ ಕೋಶಗಳ ಇನ್ನೊಂದು ಬಾಟಲಿ ಹೋಲಿಸಿ ನೋಡಲು ಪಕ್ಕದಲ್ಲೇ ಇರಲಿ. ಇವಿಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ. ಮೆಥನಾಲ್ ವಿಷ, ಕಣ್ಣಿನ ದೃಷ್ಟಿಯನ್ನೇ ಕಳೆಯಬಲ್ಲದು. ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಇನ್ನು ಇಂಧನದ ಮಾತು. ಲೀಟರಿಗೆ 1 ಗ್ರಾಂ ಮೆಥನಾಲ್ ಸಿಕ್ಕಿತು ಅಂದುಕೊಳ್ಳಿ. ಅದನ್ನು ಉರಿಸಿದರೆ ಸುಮಾರು 20 ಕಿಲೋಜೂಲ್ ಬರುತ್ತದೆ. ಆ ಶಾಖದಿಂದ ಅದೇ ಒಂದು ಲೀಟರ್ ನೀರು ಬಿಸಿಯಾಗುವುದು 5 ಡಿಗ್ರಿಯಷ್ಟೇ. ಮೆಥನಾಲ್ ಕುದಿಯುವುದು 64.7 ಡಿಗ್ರಿಯಲ್ಲಿ. ಅಷ್ಟು ಬಿಸಿ ಮಾಡಲು ಈ ಶಾಖ ಎಲ್ಲಿ ಸಾಲುತ್ತದೆ? ಅಂದರೆ ಬಟ್ಟಿ ಇಳಿಸುವ ಯೋಚನೆ ಸದ್ಯಕ್ಕೆ ಬೇಡ, ಸಾಂದ್ರತೆ ಹೆಚ್ಚಿಸುವ ಕಡೆ ಗಮನ ಕೊಡಿ.