ಸಂಕ್ರಾಂತಿ ಕೊಬ್ಬರಿಗೆ ತಿಪಟೂರಿಗೇ ಹೋಗಿ

ಎಳ್ಳುಬೆಲ್ಲಕ್ಕೆಂದು ಒಮ್ಮೆ ರಾಜಾಜಿನಗರದ ಅಂಗಡಿಯೊಂದರಿಂದ ಎರಡು ಕೆಜಿ ಕೊಬ್ಬರಿ ತಂದೆ. ಹೆಚ್ಚಲು ಕೂತರೆ ಒಳಗೆಲ್ಲ ಮುಗ್ಗಲು. ಅಮ್ಮನಿಂದ ಬೈಸಿಕೊಂಡಿದ್ದಾಯಿತು. ಅಂದಿನಿಂದ ಹಬ್ಬಕ್ಕೆ ವಾರವಿರುವಾಗ ತಿಪಟೂರಿಗೇ ಹೋಗುತ್ತೇನೆ.

ಕಾರು ಬೇಡ, ಬೆಳಗಿನ ರೈಲು ಹಿಡಿಯಿರಿ. ಗುಬ್ಬಿ ದಾಟಿದ ಮೇಲೆ ಮೊಬೈಲ್ ಜೇಬಿಗೆ ಹಾಕಿ ಕಿಟಕಿ ಕಡೆ ನೋಡಿ. ಬಯಲು, ತೆಂಗಿನ ತೋಟ, ಒಂದೆರಡು ರಾಗಿ ಮೆದೆ, ಮತ್ತೆ ತೋಟ. ತಿಪಟೂರಿನ ದುಡ್ಡೆಲ್ಲ ಹುಟ್ಟುವುದು ಇಲ್ಲೇ.

ಎಪಿಎಂಸಿ ಟೆಂಡರ್ ಯಾವ ದಿನ ಅಂತ ಮೊದಲೇ ಕೇಳಿಕೊಂಡು ಹೊರಡಿ. ಬೇರೆ ದಿನ ಹೋದರೆ ಯಾರ್ಡ್ ಸಪ್ಪೆ. ಕೂಗಾಡುವ ಹರಾಜು ನೋಡಬಹುದು ಅಂದುಕೊಳ್ಳಬೇಡಿ, ಈಗ ಟೆಂಡರ್ ಕಂಪ್ಯೂಟರ್‌ನಲ್ಲಿ. ಗದ್ದಲ ಇರುವುದು ಮಂಡಿಗಳ ಮುಂದೆ: ಚೀಲ ಇಳಿಸುವವರು, ತೂಕದವರು, ದರಕ್ಕೆ ಕಾದು ಕೂತ ರೈತರು. ದರ ಬಿದ್ದ ದಿನ ಟೀ ಅಂಗಡಿಯಲ್ಲೂ ಮಾತು ಕಡಿಮೆ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು. ಮಾರುಕಟ್ಟೆ ಅದರ ಎರಡರಷ್ಟನ್ನೂ ದಾಟಿತು. ಆ ವರ್ಷ ಎಲ್ಲರಿಗೂ ಮಾತೋ ಮಾತು!

ಗುರುತಿನವರ ತೋಟದ ಮನೆ ಇದ್ದರೆ ಅಟ್ಟ ಹತ್ತಿ ನೋಡದೆ ಬರಬೇಡಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ 8ರಿಂದ 12 ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟುಕೊಳ್ಳುತ್ತದೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ. ಗಡಗಡ ಅಂದರೆ ಕೊಬ್ಬರಿಯಾಗಿದೆ, ಗುಳುಗುಳು ಅಂದರೆ ಇನ್ನೂ ನೀರಿದೆ. ಮಗಳ ಮದುವೆಗೆ, ಬೋರ್‌ವೆಲ್‌ಗೆ ಅಂತ ಲೆಕ್ಕ ಹಾಕಿ ಅಟ್ಟದಲ್ಲೇ ಉಳಿಸಿಕೊಂಡವರಿದ್ದಾರೆ. ಇನ್ನೂ ಏರುತ್ತದೆ ಅಂತ ಕಾದು ಕೈಸುಟ್ಟುಕೊಂಡವರೂ ಇದ್ದಾರೆ, ನಮ್ಮ ಚಿಕ್ಕಪ್ಪನ ಹಾಗೆ.

ಸುಲಿದ ಕೊಬ್ಬರಿ ಕೊಳ್ಳುವಾಗ ತೂತಿಲ್ಲದ ಗಟ್ಟಿ ಉಂಡೆ ಆರಿಸಿ. ಮೂಸಿ ನೋಡಿ. ಒಂದನ್ನು ಒಡೆಸಿ ನೋಡಿ, ಒಳಗೆ ಬೆಳ್ಳಗಿರಬೇಕು. ಒಡೆಸಿದ್ದಕ್ಕೆ ಯಾರೂ ಮುಖ ಗಂಟು ಹಾಕಲ್ಲ. ಚೌಕಾಸಿ ಮಾತ್ರ ಜಾಸ್ತಿ ಬೇಡ. ಇವತ್ತಿನ ದರ ಅಲ್ಲಿ ಸ್ಕೂಲ್ ಹುಡುಗರಿಗೂ ಗೊತ್ತಿರುತ್ತದೆ.

ಬಟ್ಟೆ ಚೀಲ ಒಯ್ಯಿರಿ, ಪ್ಲಾಸ್ಟಿಕ್‌ನಲ್ಲಿ ಬೆವರುತ್ತದೆ. ಸಂಜೆ ಸ್ಟೇಷನ್‌ನಲ್ಲಿ ಚೀಲ ಹಿಡಿದು ನಿಂತರೆ ಯಾರಾದರೂ ಕೇಳಿಯೇ ಕೇಳುತ್ತಾರೆ: “ಎಷ್ಟಕ್ಕೆ ಹೋಯ್ತಣ್ಣ?” ಮಾರೋಕೆ ಬಂದಿದ್ದಲ್ಲ, ಬೆಂಗಳೂರಿಗೆ ಐದು ಕೆಜಿ ಒಯ್ತಿದ್ದೀನಿ ಅಂದರೆ ನಕ್ಕು, ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡುತ್ತಾರೆ.