ಪೋರ್ಚುಗಲ್‌ನಲ್ಲಿ ದೂರು ಹೇಳುವಾಗ ‘ನೀವು’ ಎಂಬುದನ್ನು ಬಿಟ್ಟುಬಿಡಿ

ಪೋರ್ಚುಗಲ್‌ನ ಹೋಟೆಲಿನಲ್ಲೋ ಅಂಗಡಿಯಲ್ಲೋ ಬಿಲ್ಲು ತಪ್ಪಾಗಿ ಬಂದರೆ, ‘ನೀವು ತಪ್ಪು ಮಾಡಿದ್ದೀರಿ’ ಎನ್ನುವ ಬದಲು ‘ದಿಶ್ಕುಲ್ಪಿ, ಆಶು ಕಿ ಆ ಉಂ ಇಂಗಾನು ನ ಕೋಂತ’, ಅಂದರೆ ‘ಕ್ಷಮಿಸಿ, ಬಿಲ್ಲಿನಲ್ಲಿ ಏನೋ ತಪ್ಪಾಗಿದೆ ಅನಿಸುತ್ತದೆ’ ಎಂದು ಹೇಳಿ. ಕನ್ನಡದ ‘ತಪ್ಪಾಗಿದೆ’ಯಲ್ಲಿ ಇರುವಂತೆಯೇ ಇಲ್ಲಿಯೂ ತಪ್ಪಿನ ಹೊರೆ ಯಾರ ಮೇಲೂ ಬೀಳದಿರುವುದರಿಂದ, ಎದುರಿನವರು ಸಮರ್ಥನೆಗೆ ಇಳಿಯದೆ ಸರಿಪಡಿಸಲು ಮುಂದಾಗುವುದು ಸುಲಭವಾಗುತ್ತದೆ. ಸಂಬೋಧಿಸುವಾಗ ಗಂಡಸರಿಗೆ ‘ಉ ಸಿನ್ಯೋರ್’, ಹೆಂಗಸರಿಗೆ ‘ಅ ಸಿನ್ಯೋರ’ ಎನ್ನಿ. ‘ನೀವು’ ಎನ್ನಲು ಬ್ರೆಜಿಲ್‌ನಲ್ಲಿ ಸಹಜವಾಗಿ ಬಳಸುವ ‘ವೊಸೆ’ ಪೋರ್ಚುಗಲ್‌ನ ಅನೇಕರ ಕಿವಿಗೆ, ಅದರಲ್ಲೂ ಹಿರಿಯರಿಗೆ, ಒರಟಾಗಿ ಕೇಳಿಸುತ್ತದೆ. ನೀವು ಕೇಳದೆಯೂ ಮುಟ್ಟದೆಯೂ ಇದ್ದ ಬ್ರೆಡ್ಡು, ಆಲಿವ್‌ಗಳ ಬೆಲೆ ಬಿಲ್ಲಿಗೆ ಸೇರಿದ್ದರೂ ಇದೇ ವಾಕ್ಯ ಹೊಂದುತ್ತದೆ, ಏಕೆಂದರೆ ಅದಕ್ಕೆ ಹಣ ಪಡೆಯಲು ಅಲ್ಲಿನ ಕಾನೂನು ಬಿಡುವುದಿಲ್ಲ. ಆದರೆ ಸಿಬ್ಬಂದಿ ಸ್ಪಷ್ಟವಾಗಿ ನಿರಾಕರಿಸಿದ ಮೇಲೆ ಈ ಮೃದು ಮಾತು ನಡೆಯುವುದಿಲ್ಲ; ಆಗ ದನಿ ಏರಿಸದೆ ‘ಕಿರೀಯ ಉ ಲೀವ್ರು ದಿ ಹೆಕ್ಲಮಸೋಂಯ್ಶ್, ಪುರ್ ಫವೋರ್’ ಎಂದು ದೂರು ಪುಸ್ತಕವನ್ನು ಕೇಳಿ. ಅಂಗಡಿ, ಹೋಟೆಲುಗಳು ಅದನ್ನು ಇಟ್ಟುಕೊಂಡು, ಕೇಳಿದ ಕೂಡಲೇ ಕೊಡಬೇಕೆಂದು 2005ರ ಕಾನೂನು ವಿಧಿಸಿದೆ. ಅದರಲ್ಲಿ ಬರೆದ ದೂರು ಸಂಬಂಧಪಟ್ಟ ನಿಯಂತ್ರಣ ಸಂಸ್ಥೆಗೆ ತಲುಪುತ್ತದೆ.