ಇದು ಕೇಂದ್ರದ್ದೋ, ರಾಜ್ಯದ್ದೋ? ಪತ್ತೆ ಮಾಡುವುದು ಹೀಗೆ

ಪೆಟ್ರೋಲ್ ಬೆಲೆ ಏರಿದರೆ ಬೆಂಗಳೂರಿನವರು ದೆಹಲಿಯತ್ತ ಕೈ ತೋರಿಸುತ್ತಾರೆ, ದೆಹಲಿಯವರು ವಿಧಾನಸೌಧದತ್ತ. ಇಬ್ಬರು ಹೇಳುವುದೂ ಅರ್ಧ ನಿಜ. ಅಬಕಾರಿ ಸುಂಕ ಕೇಂದ್ರದ್ದು, ಮಾರಾಟ ತೆರಿಗೆ ರಾಜ್ಯದ್ದು. ನೀಟ್ ಇರಲಿ, ಕಾವೇರಿ ಇರಲಿ, ಕಂಬಳ ಇರಲಿ, ಜಗಳದ ನಡುವೆ ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಆ ಮಾತು ನಿಜವೋ, ನುಣುಚಿಕೊಳ್ಳುವ ದಾರಿಯೋ ಎಂದು ನೀವೇ ಪರೀಕ್ಷಿಸಬಹುದು. ಸಂವಿಧಾನದ ಒಂದು ಪ್ರತಿ ಕೈಯಲ್ಲಿದ್ದರೆ ಸಾಕು.

ಹಂತ 1: ಪಟ್ಟಿಯಲ್ಲಿ ಹುಡುಕಿ

ಮೊದಲು 246ನೇ ವಿಧಿ, ಅಲ್ಲಿಂದ ನೇರವಾಗಿ ಕೊನೆಯ ಪುಟಗಳಲ್ಲಿರುವ ಏಳನೇ ಅನುಸೂಚಿ. ಅಲ್ಲಿ ಮೂರು ಪಟ್ಟಿಗಳಿವೆ. ಸಂವಿಧಾನ ಜಾರಿಗೆ ಬಂದಾಗ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ನಮೂದುಗಳಿದ್ದವು. ರಕ್ಷಣೆ, ರೈಲ್ವೆ, ಬ್ಯಾಂಕು, ಅಂಚೆ ಕೇಂದ್ರಕ್ಕೆ. ಪೊಲೀಸ್, ಆರೋಗ್ಯ, ಕೃಷಿ, ಭೂಮಿ, ಸ್ಥಳೀಯ ಸಂಸ್ಥೆ ರಾಜ್ಯಕ್ಕೆ. ಮದುವೆ, ವಿದ್ಯುತ್, ಅಪರಾಧ ಕಾನೂನು ಇಬ್ಬರಿಗೂ. ಯಾವ ಪಟ್ಟಿಯಲ್ಲೂ ಸಿಗದ ವಿಷಯ 248ನೇ ವಿಧಿಯಂತೆ ಸಂಸತ್ತಿನ ಪಾಲು. ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿ ಉಳಿದ ಅಧಿಕಾರ ರಾಜ್ಯಗಳದ್ದು.

ಹಳೆಯ ಪುಸ್ತಕ ಹಿಡಿದು ಕೂತರೆ ಮೋಸ ಹೋಗುತ್ತೀರಿ. 1976ರ 42ನೇ ತಿದ್ದುಪಡಿ ಶಿಕ್ಷಣ, ಅರಣ್ಯ, ವನ್ಯಜೀವಿ ರಕ್ಷಣೆ, ತೂಕ ಮತ್ತು ಅಳತೆ ಮುಂತಾದವನ್ನು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಎತ್ತಿ ಹಾಕಿತು.

ಹಂತ 2: ನಮೂದನ್ನು ಬಾಲದ ತನಕ ಓದಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಟಿವಿ ಚರ್ಚೆಗಳಲ್ಲಿ ‘ನೀರು ರಾಜ್ಯದ ವಿಷಯ’ ಎಂದು ಅಬ್ಬರಿಸುವವರೂ ನಮೂದಿನ ಮೊದಲ ಪದಗಳನ್ನಷ್ಟೇ ಓದಿರುತ್ತಾರೆ. ರಾಜ್ಯ ಪಟ್ಟಿಯ 17ನೇ ನಮೂದು ನೀರು, ನೀರಾವರಿ, ಕಾಲುವೆ ಎಂದೆಲ್ಲ ಹೇಳಿ, ಕೊನೆಗೆ ‘ಕೇಂದ್ರ ಪಟ್ಟಿಯ 56ನೇ ನಮೂದಿಗೆ ಒಳಪಟ್ಟು’ ಎನ್ನುತ್ತದೆ. 56ಕ್ಕೆ ಹೋದರೆ ಅಂತರರಾಜ್ಯ ನದಿಗಳ ನಿಯಂತ್ರಣ ಮತ್ತು ಅಭಿವೃದ್ಧಿ ಸಿಗುತ್ತದೆ, ಸಾರ್ವಜನಿಕ ಹಿತಕ್ಕಾಗಿ ಸಂಸತ್ತು ಕಾನೂನಿನ ಮೂಲಕ ಘೋಷಿಸಿದಷ್ಟರ ಮಟ್ಟಿಗೆ. ಗಣಿಯ ಕಥೆಯೂ ಇದೇ. ಸಮವರ್ತಿ ಪಟ್ಟಿಯ ಶಿಕ್ಷಣವೂ ಕೇಂದ್ರ ಪಟ್ಟಿಯ 66ನೇ ನಮೂದಿಗೆ, ಅಂದರೆ ಉನ್ನತ ಶಿಕ್ಷಣದ ಗುಣಮಟ್ಟ ನಿಗದಿಗೆ, ತಲೆಬಾಗಬೇಕು. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಕುರಿತ ವಾದದ ಗಂಟು ಇರುವುದು ಅಲ್ಲಿ. ನನ್ನ ಅನುಭವದಲ್ಲಿ, ಅಧಿಕಾರ ನಿಜವಾಗಿ ಯಾರದ್ದೆಂದು ತಿಳಿಯುವುದು ನಮೂದಿನ ಹೆಸರಿನಿಂದಲ್ಲ, ಅದಕ್ಕೆ ಅಂಟಿದ ಷರತ್ತಿನಿಂದ.

ಬಾಲ ಮರೆತರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದ ನಿದರ್ಶನವಿದೆ. ಕಾವೇರಿ ನ್ಯಾಯಮಂಡಳಿ 1991ರ ಜೂನ್ 25ರಂದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಹರಿಸಲು ಮಧ್ಯಂತರ ಆದೇಶ ನೀಡಿತು. ಬಂಗಾರಪ್ಪನವರ ಸರ್ಕಾರ ಸುಮ್ಮನಿರಲಿಲ್ಲ. ಕಾವೇರಿ ಕಣಿವೆಯ ನೀರಾವರಿಯನ್ನು ರಕ್ಷಿಸುವ ಸುಗ್ರೀವಾಜ್ಞೆಯನ್ನು ಜುಲೈನಲ್ಲಿ ಹೊರಡಿಸಿತು. ರೈತರ ದೃಷ್ಟಿಯಿಂದ ಅದು ಸಹಜ ಹೆಜ್ಜೆ. ಆದರೆ ರಾಷ್ಟ್ರಪತಿಗಳು 143ನೇ ವಿಧಿಯಡಿ ಅಭಿಪ್ರಾಯ ಕೇಳಿದಾಗ ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಆ ಸುಗ್ರೀವಾಜ್ಞೆ ರಾಜ್ಯದ ಅಧಿಕಾರ ಮೀರಿದ್ದು ಎಂದಿತು. ಕಾರಣಗಳಲ್ಲಿ ಎರಡು ಮುಖ್ಯ. ಒಂದು ರಾಜ್ಯದ ಕಾನೂನು ತನ್ನ ಗಡಿಯಾಚೆಯ ಹಕ್ಕನ್ನು ಕತ್ತರಿಸುವಂತಿಲ್ಲ. ಮತ್ತೆ, 262ನೇ ವಿಧಿಯಡಿ ಸಂಸತ್ತು 1956ರಲ್ಲಿ ಮಾಡಿದ ಜಲವಿವಾದ ಕಾಯ್ದೆಯಂತೆ ರಚನೆಯಾದ ನ್ಯಾಯಮಂಡಳಿಯ ಆದೇಶವನ್ನು ರಾಜ್ಯದ ಶಾಸನದಿಂದ ಅಳಿಸಲಾಗದು. ಮುಂದೆ 2018ರಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಅಡಿ ಹೆಚ್ಚು ಸಿಕ್ಕಿತಲ್ಲ, ಅದು ಸಿಕ್ಕಿದ್ದು ಸುಗ್ರೀವಾಜ್ಞೆಯಿಂದಲ್ಲ, ಕೋರ್ಟಿನಲ್ಲಿ ಮೇಲ್ಮನವಿ ಹೂಡಿ ವಾದಿಸಿದ್ದರಿಂದ.

ಹಂತ 3: ಕಾನೂನಿನ ತಿರುಳು ಯಾವುದು?

ಒಂದು ಕಾನೂನು ಎರಡು ಪಟ್ಟಿಗಳನ್ನೂ ಮುಟ್ಟುವುದುಂಟು. ಆಗ ನ್ಯಾಯಾಲಯ ಶೀರ್ಷಿಕೆಯನ್ನು ಬದಿಗಿಟ್ಟು ಆ ಕಾನೂನು ನಿಜವಾಗಿ ಮಾಡಹೊರಟಿದ್ದೇನು ಎಂದು ನೋಡುತ್ತದೆ. ತಿರುಳು ತನ್ನ ಪಟ್ಟಿಯಲ್ಲಿದ್ದು, ಇನ್ನೊಂದರ ಅಂಚು ಸ್ವಲ್ಪ ತಗುಲಿದರೆ ಅಡ್ಡಿಯಿಲ್ಲ. ಬಾಜಿ ಮತ್ತು ಜೂಜು ರಾಜ್ಯ ಪಟ್ಟಿಯ 34ನೇ ನಮೂದು. ಇದನ್ನೇ ಹಿಡಿದು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಕೌಶಲದ ಆಟ ಜೂಜಲ್ಲ, ಹಾಗಾಗಿ 34ನೇ ನಮೂದಿನ ಬಲ ಅದಕ್ಕೆ ಸಿಗದು ಎಂಬುದು ಅದರ ಒಂದು ಕಾರಣ. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು.

ಹಂತ 4: ಇಬ್ಬರೂ ಕಾನೂನು ಮಾಡಿದ್ದರೆ ಅಂಕಿತ ಹುಡುಕಿ

ಸಮವರ್ತಿ ಪಟ್ಟಿಯಲ್ಲಿ ಎರಡು ಕಾನೂನು ಡಿಕ್ಕಿ ಹೊಡೆದರೆ 254ನೇ ವಿಧಿಯ ಪ್ರಕಾರ ಸಂಸತ್ತಿನದ್ದೇ ಮೇಲು. ಆದರೆ ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗೆ ಕಳುಹಿಸಿ ಅಂಕಿತ ಪಡೆದರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನು ನಡೆಯುತ್ತದೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಕೇಂದ್ರದ್ದು. ಜಲ್ಲಿಕಟ್ಟು ಕುರಿತ 2014ರ ತೀರ್ಪಿನ ನಂತರ ಕಂಬಳಕ್ಕೂ ತಡೆ ಬಿತ್ತು. ಆಗ ಕರ್ನಾಟಕ ಆ ಕೇಂದ್ರ ಕಾಯ್ದೆಗೇ ತನ್ನ ತಿದ್ದುಪಡಿ ತಂದು ರಾಷ್ಟ್ರಪತಿಯ ಅಂಕಿತ ಪಡೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಇಂದು ಕೋಣಗಳು ಕರೆಯಲ್ಲಿ (ಕಂಬಳದ ಓಟದ ಅಂಕಣದಲ್ಲಿ) ಓಡುತ್ತಿರುವುದು ಆ ಅಂಕಿತದ ಬಲದಿಂದ. ನಾಳೆ ಸಂಸತ್ತು ಇದನ್ನೂ ಮೀರಿ ಹೊಸ ಕಾನೂನು ಮಾಡಬಹುದು, ಅದಕ್ಕೂ ಅದೇ ವಿಧಿಯಲ್ಲಿ ಅವಕಾಶವಿದೆ.

ಹಂತ 5: ಸಂಸತ್ತು ಹಿಂಬಾಗಿಲಿನಿಂದ ಬಂದಿದೆಯೇ?

ಶುದ್ಧ ರಾಜ್ಯ ವಿಷಯಕ್ಕೂ ಸಂಸತ್ತು ಕೈಹಾಕುವ ದಾರಿಗಳಿವೆ. ರಾಜ್ಯಸಭೆ ಮೂರನೇ ಎರಡರಷ್ಟು ಬಹುಮತದಿಂದ ನಿರ್ಣಯ ಮಾಡಿದರೆ (249), ತುರ್ತು ಪರಿಸ್ಥಿತಿಯಿದ್ದರೆ (250), ಅಂತರರಾಷ್ಟ್ರೀಯ ಒಪ್ಪಂದ ಜಾರಿ ಮಾಡಬೇಕಿದ್ದರೆ (253). ಇವುಗಳಿಗಿಂತ ಗಮನಿಸಬೇಕಾದ್ದು 252. ಎರಡು ಅಥವಾ ಹೆಚ್ಚು ರಾಜ್ಯಗಳು ತಾವಾಗಿಯೇ ‘ನಮಗೊಂದು ಕಾನೂನು ಮಾಡಿಕೊಡಿ’ ಎಂದು ಕೇಳುವುದು. 1974ರ ಜಲಮಾಲಿನ್ಯ ಕಾಯ್ದೆ ಹಾಗೆ ಹುಟ್ಟಿದ್ದು, ಕೇಳಿದವರಲ್ಲಿ ಕರ್ನಾಟಕವೂ ಒಂದು. ಒಮ್ಮೆ ಕೇಳಿ ಪಡೆದ ಮೇಲೆ ಅದನ್ನು ತಿದ್ದುವ ಅಧಿಕಾರ ವಿಧಾನಸಭೆಗೆ ಉಳಿಯುವುದಿಲ್ಲ. ರಾಜ್ಯಗಳು ಕೈಯಾರೆ ಬಿಟ್ಟುಕೊಟ್ಟ ಅಧಿಕಾರದ ಬಗ್ಗೆ ಯಾರೂ ಧರಣಿ ಕೂರುವುದಿಲ್ಲ, ಅದೇ ಸೋಜಿಗ.

ಹಂತ 6: ದುಡ್ಡಿನ ದಾರಿ ಹಿಡಿಯಿರಿ

ಜಿಎಸ್‌ಟಿಗೆ ಮೇಲಿನ ಪಟ್ಟಿಗಳು ಅನ್ವಯಿಸುವುದಿಲ್ಲ, ಅದಕ್ಕೆ ಬೇರೆಯೇ 246ಎ ವಿಧಿಯಿದೆ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರಷ್ಟು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡರಷ್ಟು. ತೀರ್ಮಾನಕ್ಕೆ ಬೇಕಾದ್ದು ನಾಲ್ಕನೇ ಮೂರರಷ್ಟು. ಲೆಕ್ಕ ಹಾಕಿ ನೋಡಿ: ಎಲ್ಲ ರಾಜ್ಯಗಳು ಒಂದಾದರೂ ಕೇಂದ್ರ ಬೇಡವೆಂದರೆ ಆಗದು, ಕೇಂದ್ರವೊಂದೇ ಬೇಕೆಂದರೂ ಆಗದು. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಪೆಟ್ರೋಲ್, ಡೀಸೆಲನ್ನೂ ಇನ್ನೂ ತಂದಿಲ್ಲ. ಎರಡೂ ರಾಜ್ಯದ ಬೊಕ್ಕಸಕ್ಕೆ ದೊಡ್ಡ ಆಸರೆಯಾದ್ದರಿಂದ ಅವನ್ನು ಬಿಟ್ಟುಕೊಡಲು ಯಾವ ಮುಖ್ಯಮಂತ್ರಿಗೂ ಮನಸ್ಸಿಲ್ಲ.

ತೆರಿಗೆ ಹಂಚಿಕೆಯ ಸುದ್ದಿ ಓದುವಾಗ ಎರಡು ಸಂಖ್ಯೆ ಬೇರೆಬೇರೆ ನೋಡಿ. 15ನೇ ಹಣಕಾಸು ಆಯೋಗ ಕೇಂದ್ರ ಹಂಚಿಕೊಳ್ಳಬೇಕಾದ ತೆರಿಗೆಯಲ್ಲಿ ರಾಜ್ಯಗಳಿಗೆಲ್ಲ ಸೇರಿ ಶೇ 41 ಎಂದಿತು, ಅದರೊಳಗೆ ಕರ್ನಾಟಕದ ಪಾಲು ಹಿಂದಿನ ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಸೆಸ್ ಮತ್ತು ಸರ್ಚಾರ್ಜ್ ಈ ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ.

ಹಂತ 7: ಇಬ್ಬರ ಮೇಲೂ ಇರುವ ಮಿತಿ

ಪಟ್ಟಿಯಲ್ಲಿ ಅಧಿಕಾರ ಇದ್ದ ಮಾತ್ರಕ್ಕೆ ಕಾನೂನು ಉಳಿಯದು, ಮೂಲಭೂತ ಹಕ್ಕುಗಳನ್ನೂ ದಾಟಬೇಕು. ಪಟ್ಟಿಗಳನ್ನೇ ತಿದ್ದಬೇಕೆಂದರೆ 368ನೇ ವಿಧಿಯಂತೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳು ಒಪ್ಪಬೇಕು. ಒಪ್ಪಿದರೂ ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ. 1973ರಲ್ಲಿ ಹೀಗೆಂದ ಪ್ರಕರಣದ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಒಕ್ಕೂಟ ವ್ಯವಸ್ಥೆಯೂ ಆ ಮೂಲ ಸ್ವರೂಪದಲ್ಲಿ ಸೇರಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. 1989ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಸದನದಲ್ಲಿ ಬಹುಮತ ಸಾಬೀತು ಮಾಡುತ್ತೇನೆಂದರೂ ರಾಜ್ಯಪಾಲರು ಕೇಳದೆ ವರದಿ ಕಳುಹಿಸಿದರು, ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯಡಿ ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರ ತೀರ್ಪು ಬರುವಷ್ಟರಲ್ಲಿ ಅವರಿಗೆ ಕುರ್ಚಿ ಮರಳುವ ಮಾತಿರಲಿಲ್ಲ. ಆದರೆ ಬಹುಮತ ತೀರ್ಮಾನವಾಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂಬ ನಿಯಮ ಅಂದಿನಿಂದ ಎಲ್ಲ ರಾಜ್ಯಗಳಿಗೂ ಸಿಕ್ಕಿತು.

ದೂರು ಕೊಡುವ ಮುನ್ನ

ಕಾನೂನು ಮಾಡಿದವರು ಒಬ್ಬರು, ಜಾರಿ ಮಾಡುವವರು ಇನ್ನೊಬ್ಬರು ಆಗಿರುವುದೇ ಹೆಚ್ಚು. ಭಾರತೀಯ ನ್ಯಾಯ ಸಂಹಿತೆ ಸಂಸತ್ತಿನದ್ದು, ಎಫ್‌ಐಆರ್ ಬರೆಯುವವರು ರಾಜ್ಯದ ಪೊಲೀಸರು. ಹಾಗಾಗಿ ಕಾನೂನೇ ಬದಲಾಗಬೇಕು ಎಂದಾದರೆ ಅದನ್ನು ಮಾಡಿದ ಸದನದ ಸದಸ್ಯರನ್ನು ಹಿಡಿಯಿರಿ, ಕಾನೂನು ಪಾಲನೆಯಾಗುತ್ತಿಲ್ಲ ಎಂದಾದರೆ ಜಾರಿ ಮಾಡಬೇಕಾದ ಕಚೇರಿಗೆ ಹೋಗಿ. ಊರ ಕೆರೆಗೆ ಕಾರ್ಖಾನೆಯ ಕೊಳಕು ನೀರು ಬಿಟ್ಟರೆ ಅದನ್ನು ತಡೆಯುವ ಕಾಯ್ದೆ ದೆಹಲಿಯಲ್ಲಿ ಆದದ್ದು, ಆದರೆ ನಿಮ್ಮ ಅರ್ಜಿ ತಲುಪಬೇಕಾದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.